ಕಾಕಾ ಏನೂ ಅನ್ನಲಿಲ್ಲ

ನಾಲ್ವರು ಕನ್ನಡಿಗರು ಹೋಟೆಲೊಂದರ ಬಾಗಿಲಲ್ಲಿ ನಿಂತು, ಒಳಗೆ ಹೋಗುವುದೋ ಇನ್ನೊಂದನ್ನು ಹುಡುಕುವುದೋ ಎಂದು ತೀರ್ಮಾನಿಸುವ ದೃಶ್ಯವನ್ನು ನೀವು ಕಂಡಿರುತ್ತೀರಿ. ಕಂಡಿಲ್ಲವಾದರೆ ಆ ನಾಲ್ವರಲ್ಲಿ ನೀವೂ ಒಬ್ಬರಾಗಿದ್ದಿರಿ ಎಂದೇ ಅರ್ಥ. ಒಬ್ಬರು "ನೀವೇ ಹೇಳಿ" ಎನ್ನುತ್ತಾರೆ. ಇನ್ನೊಬ್ಬರು "ಅಯ್ಯೋ, ನೀವು ಹೇಳಿದ ಹಾಗೆ" ಎನ್ನುತ್ತಾರೆ. ಮೂರನೆಯವರಿಗೆ ಏನಾದರೂ ನಡೆಯುತ್ತದೆ. ನಾಲ್ಕನೆಯವರಿಗೆ ಹಸಿವೇ ಇಲ್ಲ, ಸುಮ್ಮನೆ ಜೊತೆಗೆ ಬಂದಿದ್ದಾರೆ. ಕ್ರೋಯ್ಡನ್ನಿನ ಟ್ರಾಮ್ ಸ್ಟಾಪಿನ ಹತ್ತಿರ ಒಮ್ಮೆ ನಾವು ಹೀಗೆ ಚಳಿಯಲ್ಲಿ ವಿನಯಸ್ಪರ್ಧೆ ನಡೆಸುತ್ತಿದ್ದಾಗ, ಹೋಟೆಲಿನವನು ಗಾಜಿನಾಚೆಯಿಂದ ನಮ್ಮನ್ನು ಕರುಣೆಯಿಂದ ನೋಡಿ ಬಾಗಿಲಿಗೆ ಚಿಲಕ ಹಾಕಿಕೊಂಡ. ನಾವು ಮನೆಗೆ ಬಂದು ಉಪ್ಪಿಟ್ಟು ತಿಂದೆವು. ಯಾರ ಮನಸ್ಸಿಗೂ ನೋವಾಗಿರಲಿಲ್ಲ, ಆ ಮಟ್ಟಿಗೆ ಅದೊಂದು ಯಶಸ್ವೀ ಸಂಜೆ.

ಇದನ್ನು ನಾನು ಬಹಳ ಕಾಲ ಸಂಸ್ಕಾರವೆಂದೇ ನಂಬಿದ್ದೆ. ಮೈಸೂರಿನಲ್ಲಿ ಬೆಳೆದವಳಿಗೆ ಅಭಿಪ್ರಾಯವೆಂಬುದು ಒಳ ಉಡುಪಿನಂತೆ: ಇರಬೇಕು, ಕಾಣಬಾರದು. ಈ ನಂಬಿಕೆ ನನ್ನಲ್ಲಿ ಸಡಿಲವಾದದ್ದು ಫೆಲ್ಥಮ್ಮಿನ ಗೋವಿಂದ ಕಾಕಾ ಅವರಿಂದ. ಅವರ ವಿಷಯ ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಪ್ರತಿ ಸಲವೂ ನೆನಪು ಇಸ್ತ್ರಿ ಮಾಡಿದ ಅಂಗಿಯ ಹಾಗೆ ನೀಟಾಗಿ ಬಂದು ನಿಲ್ಲುತ್ತದೆ. ನೀಟಾಗಿರುವುದರಿಂದಲೇ ನನಗೆ ಅದರ ಮೇಲೆ ಗುಮಾನಿ. ಆದ್ದರಿಂದ ಈ ಸಲ ಸುಕ್ಕುಗಳನ್ನು ಇದ್ದ ಹಾಗೇ ಬಿಡುತ್ತೇನೆ, ಓದುಗರು ಸಹಿಸಿಕೊಳ್ಳಬೇಕು.

ಕಾಕಾ ಬೆಳಗಾವಿ ಕಡೆಯವರು. ತಾರುಣ್ಯದಲ್ಲೇ ಲಂಡನ್ನಿಗೆ ಬಂದು, ಪಶ್ಚಿಮದ ಬಡಾವಣೆಯೊಂದರ ಕಾರ್ಖಾನೆಯಲ್ಲಿ ಅಚ್ಚು ಕೊರೆಯುವ ಕೆಲಸಕ್ಕೆ ಸೇರಿದರು. ವ್ಯಾಪಾರ ಕುಸಿದು ಕಾರ್ಖಾನೆ ಮುಚ್ಚುವಾಗ, ಮಾಲೀಕರೂ ಯೂನಿಯನ್ ಮುಖಂಡರೂ ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದರಂತೆ. ಉಳಿದವರೆಲ್ಲ ಅಂಗಳದಲ್ಲಿ ಕೈಕಟ್ಟಿಕೊಂಡು, ಒಳಗೆ ತಮ್ಮ ಗತಿ ಏನಾಗುತ್ತಿದೆ ಎಂದು ಕಾಯುತ್ತಿದ್ದರಂತೆ. "ಯಂತ್ರಾ ನಡಸೋರು ನಾವು, ಅಂಗಳದಾಗ ನಿಂತವರೂ ನಾವು. ಇದು ಹೆಂಗ?" ಎಂಬ ಪ್ರಶ್ನೆ ಅಂದು ಅವರ ತಲೆಯನ್ನು ಹೊಕ್ಕಿತು, ಮತ್ತೆ ಹೊರಗೆ ಬರಲಿಲ್ಲ. ಆಮೇಲೆ ವಿಮಾನಗಳಿಗೆ ಊಟ ಕಟ್ಟುವ ಅಡುಗೆಮನೆಯಲ್ಲಿ ನಿವೃತ್ತಿಯವರೆಗೆ ದುಡಿದರು. ಬಿಡುವಿನಲ್ಲಿ ಲೈಬ್ರರಿಯಲ್ಲಿ ಕೂತು ಓದಿದರು. ಸಾಲದು ಅನ್ನಿಸಿ ಜರ್ಮನ್ ಕಲಿತರು.

ಜರ್ಮನ್ ಯಾಕೆಂದರೆ, ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಅಲ್ಲಿಯ ಕಾರ್ಮಿಕರು ಕಾರ್ಖಾನೆ ಕಾರ್ಖಾನೆಗಳಲ್ಲಿ ತಮ್ಮದೇ ಸಭೆಗಳನ್ನು ಕಟ್ಟಿಕೊಂಡಿದ್ದರು. ಪಕ್ಷ ಬೇಡ, ಮುಖಂಡ ಬೇಡ. ದುಡಿಯುವವರು ಕೂತು ಮಾತಾಡಿ ನಿರ್ಧರಿಸಬೇಕು, ಯಾರನ್ನಾದರೂ ಪ್ರತಿನಿಧಿಯಾಗಿ ಕಳಿಸಿದರೆ ಬೇಡವೆನಿಸಿದ ದಿನವೇ ವಾಪಸು ಕರೆಯಬೇಕು. ಆ ಸಭೆಗಳು ಬೇಗನೆ ಅಳಿದವು, ವಿಚಾರ ಮಾತ್ರ ಕೆಲವು ಹಟಮಾರಿಗಳಲ್ಲಿ ಉಳಿಯಿತು. ಅಂಥವರನ್ನು ಕೌನ್ಸಿಲ್ ಕಮ್ಯುನಿಸ್ಟರು ಎನ್ನುತ್ತಾರೆ. ಲಂಡನ್ನಿನಲ್ಲಿ ಕೌನ್ಸಿಲ್ ಎಂದರೆ ಕಸದ ಡಬ್ಬಿ ಒಯ್ಯುವ ನಗರಸಭೆಯಾದ್ದರಿಂದ ಈ ವಿಷಯದಲ್ಲಿ ಆಗಬೇಕಾದ ಹಾಸ್ಯವೆಲ್ಲ ಆಗಿಹೋಗಿದೆ, ನಾನು ಸೇರಿಸುವುದೇನೂ ಉಳಿದಿಲ್ಲ. ಯುರೋಪಿನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ನಡೆಸುತ್ತಿದ್ದ ಸಣ್ಣ ಪತ್ರಿಕೆಗಳಲ್ಲಿ ಕಾಕಾ ಅರ್ಥಶಾಸ್ತ್ರದ ಲೇಖನಗಳನ್ನು ಬರೆದರು, ಒಂದು ಪುಸ್ತಕವನ್ನೂ ಬರೆದರು. ಓದಿದವರು ಕೆಲವೇ ಜನ, ಒಪ್ಪಿದವರು ಅವರಲ್ಲೂ ಅರ್ಧ. ಪಕ್ಷಗಳವರು ಹುಡುಕಿಕೊಂಡು ಬಂದರೆ ಚಹಾ ಕೊಟ್ಟು, "ಕೆಂಪು ಬಣ್ಣದ ಧಣಿನೂ ಧಣೀನ" ಎಂದು ಹೇಳಿ ಕಳಿಸುತ್ತಿದ್ದರು.

ನನ್ನ ಅರ್ಥಶಾಸ್ತ್ರ ಕೊತ್ತಂಬರಿ ಸೊಪ್ಪಿನ ಕಟ್ಟಿನಾಚೆ ಹೋದದ್ದಲ್ಲ. ಕ್ರೋಯ್ಡನ್ನಿನ ಆಫೀಸಿನಲ್ಲಿ ಬೇರೆಯವರು ಬರೆದ ಪ್ರೋಗ್ರಾಮಿನ ತಪ್ಪು ಹುಡುಕುವುದು ನನ್ನ ಉದ್ಯೋಗ. ಜಗತ್ತಿನ ತಪ್ಪು ಹುಡುಕುವವರ ಮಾತು ನನಗೆ ಅರ್ಥವಾಗುವ ಹಾಗಿರಲಿಲ್ಲ. ಆದರೂ ಒಂದು ವಿಷಯವನ್ನು ಕಾಕಾ ನನಗೆ ರೊಟ್ಟಿಯ ಮೂಲಕ ತಿಳಿಸಿಕೊಟ್ಟರು. ಜೋಳದ ರೊಟ್ಟಿ ಬಡಿಯುವಾಗ ಅಂಚು ಸೀಳಿದರೆ ಒದ್ದೆ ಬೆರಳಿನಿಂದ ಒತ್ತಿ ಕೂಡಿಸುತ್ತಾರಲ್ಲ, ನೋಡಲು ಇಡಿಯಾಗಿ ಕಾಣುತ್ತದೆ. ಹಂಚಿನ ಮೇಲೆ ಬಿದ್ದ ಕೂಡಲೇ ಸೀಳು ಮತ್ತೆ ಬಾಯಿ ಬಿಡುತ್ತದೆ. ಬಿಕ್ಕಟ್ಟಿನ ಕಾಲದಲ್ಲಿ ಸರ್ಕಾರ ಸುರಿಯುವ ಹಣವೂ ಹಾಗೆಯೇ, ಸೀಳಿರುವುದು ಹಿಟ್ಟಿನೊಳಗೆ, ಬೆರಳು ಆಡುವುದು ಮೇಲೆ ಎಂಬುದು ಅವರ ಪುಸ್ತಕದ ಸಾರ. ಇದು ಸರಿಯೋ ತಪ್ಪೋ ನಾನರಿಯೆ. ಆವತ್ತಿನಿಂದ ಬಜೆಟ್ಟಿನ ಸುದ್ದಿ ಕೇಳಿದಾಗಲೆಲ್ಲ ನನಗೆ ಹಸಿವಾಗುತ್ತದೆ.

ಈ ರೊಟ್ಟಿಯೇ ನಮ್ಮಿಬ್ಬರ ನಂಟು. ಫೆಲ್ಥಮ್ಮಿನ ಒಂದು ಸಮುದಾಯ ಭವನದ ಅಡುಗೆಮನೆಯನ್ನು ಶನಿವಾರ ಬಾಡಿಗೆಗೆ ಹಿಡಿದು, ವಿಜಯಪುರ, ಕಲಬುರಗಿ, ಧಾರವಾಡ ಕಡೆಯ ಒಂಬತ್ತು ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಹೆಚ್ಚಿನವರು ಏರ್‌ಪೋರ್ಟಿನಲ್ಲಿ ಕೆಲಸ ಮಾಡುವವರು, ಅಥವಾ ಮಾಡಿ ಬಿಟ್ಟವರು. ಎಜ್‌ವೇರಿನಿಂದ, ಕ್ರೋಯ್ಡನ್ನಿನಿಂದ ನಮ್ಮಂಥವರು ಹೋಗಿ ಕೊಂಡು ತರುತ್ತಿದ್ದೆವು. ಹತ್ತನೆಯವರಾಗಿ ಕಾಕಾ ಇದ್ದರು. ಹಿಟ್ಟಿನ ಚೀಲ ಎತ್ತಿಕೊಡುವುದು, ಆರಿದ ರೊಟ್ಟಿ ಕಟ್ಟುವುದು, ನೆಲ ಒರೆಸುವುದು ಅವರ ಪಾಲು. ಹೆಂಡತಿ ತೀರಿಕೊಂಡ ಮೇಲೆ ಶನಿವಾರ ಮನೆಯಲ್ಲಿರಲಾರದೆ ಸೇರಿದೆ ಎಂದು ಹೇಳುತ್ತಿದ್ದರು. ಇನ್ನೊಂದು ಕಾರಣ ಹೇಳದೆಯೇ ತಿಳಿಯುತ್ತಿತ್ತು. ಇಡೀ ಬದುಕು ಕಾಗದದ ಮೇಲೆ ವಾದಿಸಿದ್ದನ್ನು ಅವರು ಮೊದಲ ಬಾರಿಗೆ ಕಣ್ಣಾರೆ ನೋಡುತ್ತಿದ್ದರು. ಅಲ್ಲಿ ಯಾರೂ ಯಜಮಾನರಿರಲಿಲ್ಲ. ಹಂಚು ಆರಿದ ಮೇಲೆ ಎಲ್ಲರೂ ಸುತ್ತ ಕೂತು, ಮುಂದಿನ ವಾರದ ಸಂಗತಿಗಳನ್ನು ಜಗಳಾಡಿ ತೀರ್ಮಾನಿಸುತ್ತಿದ್ದರು. ಇದನ್ನು ಕಾಕಾ ಕಲಿಸಿದ್ದಲ್ಲ, ಅವರು ಬರುವ ಮೊದಲೇ ಹಾಗಿತ್ತು. ಅದು ಹಾಗೇ ಉಳಿದರೆ ಸಾಕು, ತನ್ನ ಪುಸ್ತಕವನ್ನು ಯಾರೂ ಓದದಿದ್ದರೂ ನಡೆದೀತು ಎಂದು ಒಮ್ಮೆ ಬಸ್ ಸ್ಟಾಪಿನಲ್ಲಿ ನನ್ನೆದುರು ಅಂದಿದ್ದರು.

ಆ ಜಗಳಗಳನ್ನು ನೀವು ಕೇಳಬೇಕಿತ್ತು. ಅಲ್ಲಿ ತಾಸಿಗೆ ತಾಸು ಸಮ. ಬಡಿದವಳಿಗೂ ಒರೆಸಿದವರಿಗೂ ಒಂದೇ ಪಾಲು. ವಿಜಯಪುರದ ಶಾಂತವ್ವನ ಕೈ ಬಲು ಚುರುಕು, ಉಳಿದವರು ಒಂದು ಬಡಿಯುವಷ್ಟರಲ್ಲಿ ಆಕೆಯದು ಎರಡಾಗುತ್ತಿತ್ತು. ಒಂದು ದಿನ ಸೆರಗು ಬಿಗಿದುಕೊಂಡು ಎದ್ದೇಬಿಟ್ಟಳು.

"ನನ್ನ ತಾಸಿಗೂ ಈಕಿ ತಾಸಿಗೂ ಒಂದ ಲೆಕ್ಕ ಏನ್ರಿ? ಈಕಿ ರೊಟ್ಟಿ ಬಡೀತಾಳೋ, ಕೂಸಿನ ಬೆನ್ನು ತಟ್ಟತಾಳೋ?"

"ನೀ ಬಡಿಯೂದೂ ಜೋರ, ಮಾತಾಡೂದೂ ಜೋರ," ಎಂದಳು ಪಕ್ಕದವಳು. "ಮಾತಿನ ತಾಸು ಕಳದು ನೋಡವಾ, ಬರೋಬರಿ ಆಗ್ತದ."

ನಕ್ಕು ನಕ್ಕು ಎಲ್ಲರ ಕಣ್ಣಲ್ಲಿ ನೀರು. ಕೊನೆಗೆ ಪಾಲು ಸಮವಾಗಿಯೇ ಉಳಿಯಿತು. ಶಾಂತವ್ವ ಪಾತ್ರೆ ತೊಳೆಯುವ ಸರದಿಯಿಂದ ಬಿಡುಗಡೆ ಪಡೆದಳು. ಇನ್ನೊಮ್ಮೆ, ಮುರಿದ ರೊಟ್ಟಿಗಳನ್ನು ಸುತ್ತಮುತ್ತಲ ಮುದುಕರಿಗೆ ಸುಮ್ಮನೆ ಕೊಡೋಣ ಎಂದು ಕಾಕಾ ಸೂಚಿಸಿದರೆ, ಒಂಬತ್ತು ಮಂದಿಯೂ ಒಕ್ಕೊರಲಿನಿಂದ ಬೇಡವೆಂದರು. ಮುರಿದದ್ದು ಮನೆಯಲ್ಲಿ ಮಜ್ಜಿಗೆಗೆ ಬೇಕಾಗುತ್ತದಂತೆ. ಸೋತ ಕಾಕಾ ಅಂದು ಬಾಡಿಗೆಗೆ ಕುದುರೆ ಸಿಕ್ಕ ಮದುಮಗನಂತೆ ಬೀಗುತ್ತಿದ್ದರು. ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ಮತ್ತೆ ನೋಡಲಿಲ್ಲ.

ಆಮೇಲೆ ನಾವು ಅವರಿಗೆ ಸನ್ಮಾನ ಮಾಡಿದೆವು.

ಇದರಲ್ಲಿ ಯಾರ ಕೆಟ್ಟತನವೂ ಇಲ್ಲ. ನಮ್ಮ ಕನ್ನಡ ಬಳಗದ ಅಧ್ಯಕ್ಷರು ಬೆಂಗಳೂರಿನ ಸಜ್ಜನರು. ನಮ್ಮ ನಡುವೆ ಇಂಥ ಚಿಂತಕರಿದ್ದಾರೆ ಎಂದು ಯಾರೋ ಹೇಳಿದ್ದೇ ತಡ, ರಾಜ್ಯೋತ್ಸವದ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಸಿದ್ಧವಾದವು. ಕಾಕಾ ಬೇಡವೆಂದರು. ನಮ್ಮಲ್ಲಿ ಸನ್ಮಾನವನ್ನು ಬೇಡವೆನ್ನುವುದು ಸನ್ಮಾನದ ಮೊದಲ ಅಂಗವಷ್ಟೆ? ಬೇಡವೆಂದಷ್ಟೂ ಅವರ ವಿನಯ ಬೆಳೆಯಿತು, ವಿನಯ ಬೆಳೆದಷ್ಟೂ ಹಾರ ದಪ್ಪವಾಯಿತು. ನೆತ್ತಿಯ ಮೇಲೆ ಧಣಿ ಬೇಡವೆಂದು ಬದುಕಿಡೀ ಬರೆದವರ ನೆತ್ತಿಗೆ ನಾವು ಮೈಸೂರು ಪೇಟ ಇಟ್ಟೆವು. ಪೇಟ ಇತ್ತೋ ಇಲ್ಲವೋ ಎಂದು ನನ್ನ ಗಂಡ ಈಗಲೂ ವಾದಿಸುತ್ತಾರೆ. ಶಾಲು ಮಾತ್ರವಿತ್ತು, ಪೇಟ ನಿನ್ನ ಕಲ್ಪನೆ ಎನ್ನುತ್ತಾರೆ. ಇರಬಹುದು. ಅಧ್ಯಕ್ಷರು ಅವರನ್ನು "ರೊಟ್ಟಿ ಆಂದೋಲನದ ರೂವಾರಿ" ಎಂದು ಕರೆದದ್ದು ಮಾತ್ರ ಕಲ್ಪನೆಯಲ್ಲ, ನಾನು ಮೂರನೆಯ ಸಾಲಿನಲ್ಲಿ ಕೂತು ಎಲ್ಲರಂತೆ ಚಪ್ಪಾಳೆ ತಟ್ಟಿದ್ದೆ. ಮೈಕಿನ ಮುಂದೆ ಕಾಕಾ, "ಈ ಶಾಲು ಹರದು ಒಂಬತ್ತು ಮಂದಿಗೆ ಹಂಚರಿ, ಖರೆ ರೂವಾರಿಗಳು ಅವರು" ಎಂದಷ್ಟೇ ಹೇಳಿ ಇಳಿದರು. ಸಭೆ ಅದನ್ನು ಹಾಸ್ಯವೆಂದು ತಿಳಿದು ಮತ್ತೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿದ್ದ ಆ ಒಂಬತ್ತು ಮಂದಿಗೆ ಎಲ್ಲರಿಗಿಂತ ಹೆಚ್ಚು ಹೆಮ್ಮೆ. ಕಾರ್ಯಕ್ರಮ ಮುಗಿದ ಮೇಲೆ ಶಾಂತವ್ವ ಮೊದಲ ಸಲ ಕಾಕಾ ಅವರ ಕಾಲಿಗೆ ನಮಸ್ಕಾರ ಮಾಡಿದಳು.

ಮುಂದಿನ ಶನಿವಾರ ಭವನದಲ್ಲಿ ಕುರ್ಚಿಯೊಂದು ಕಾದಿತ್ತು. ಅದುವರೆಗೆ ಕಾಕಾ ಎಣ್ಣೆಯ ಖಾಲಿ ಡಬ್ಬದ ಮೇಲೆ ಕೂರುತ್ತಿದ್ದರು. ಈಗ ಮೆತ್ತೆ ಹಾಕಿದ ಕುರ್ಚಿ. ಒರೆಸುವ ಕೋಲನ್ನು ಅವರ ಕೈಯಿಂದ ಕಸಿದುಕೊಂಡರು. "ನೀವು ಒರಸೂದು ಚಂದ ಕಾಣ್ತದೇನ್ರಿ?" ಎಂದು ಗದರಿದರು. ಸ್ವಲ್ಪ ದಿನಗಳ ಮೇಲೆ ಮಾತಿನ ನಡುವೆ ಕಾಕಾ, ತಮ್ಮ ತಾಯಿ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುತ್ತಿದ್ದರೆಂದು ನೆನಪು ಮಾಡಿಕೊಂಡರು. ಆ ವಾರ ಜೋಳದ ರೊಟ್ಟಿಗಳಿಗೆಲ್ಲ ಎಳ್ಳು. ಕೊಂಡವರು ಗೊಣಗಿದರು, ನಾನೂ ಗೊಣಗಿದೆ. ಬಡಿಯುವವರಿಗೂ ಅದು ಇಷ್ಟವಿರಲಿಲ್ಲ. ಆದರೆ ಕಾಕಾ ಹೇಳಿದ ಮೇಲೆ ಯಾರು ಬೇಡವೆನ್ನಬೇಕು? ಹಂಚಿನ ಸುತ್ತ ಜಗಳ ನಿಂತುಹೋಯಿತು. ಏನೇ ಪ್ರಶ್ನೆ ಬಂದರೂ ಎಲ್ಲರ ಮುಖ ಕುರ್ಚಿಯ ಕಡೆ ಹೊರಳುತ್ತಿತ್ತು. ತಾನು ಆಡಿದ್ದೆಲ್ಲ ಅಪ್ಪಣೆಯಾಗುತ್ತಿದೆ ಎಂದು ಕಂಡುಕೊಂಡ ಕಾಕಾ ಅಲ್ಲಿ ಮಾತಾಡುವುದನ್ನೇ ಬಿಟ್ಟರು. ನೀವು ನಿರ್ಧರಿಸಿರಿ ಎಂಬುದೊಂದೇ ಅವರ ಬಾಯಲ್ಲಿ ಉಳಿದ ಮಾತು.

ಅಂಥ ಹೊತ್ತಿನಲ್ಲಿ ಭಾರತೀಯ ತಿನಿಸುಗಳನ್ನು ತಯಾರಿಸುವ ಕಂಪನಿಯೊಂದರವರು ಬಂದರು. ರೊಟ್ಟಿಯನ್ನು ತಮ್ಮ ಹೆಸರಿನಲ್ಲಿ ಮಾರುವುದಾಗಿಯೂ, ಒಂಬತ್ತು ಮಂದಿಗೂ ತಮ್ಮ ಫ್ಯಾಕ್ಟರಿಯಲ್ಲಿ ಕಾಯಂ ಕೆಲಸ ಕೊಡುವುದಾಗಿಯೂ ಹೇಳಿದರು. ಬಡಿಯುವುದು ಯಂತ್ರ. ಕತೆಯಾಗಿದ್ದರೆ ಈ ಕಂಪನಿಯವನಿಗೆ ಖಳನಾಯಕನ ಮೀಸೆ ಬರೆಯಬಹುದಿತ್ತು. ಅವನು ಸೌಮ್ಯವಾದ ಮನುಷ್ಯ, ಮುಂದಿಟ್ಟದ್ದು ನ್ಯಾಯವಾದ ಕರಾರು. ಕಾಯಂ ಕೆಲಸವೆಂದರೆ ಮನೆಯ ಸಾಲ ಸಿಗುತ್ತದೆ, ರಜೆ ಸಿಗುತ್ತದೆ, ಮಣಿಕಟ್ಟಿನ ನೋವು ನಿಲ್ಲುತ್ತದೆ. ಕೆಲವರಿಗೆ ಬೇಕೆನ್ನಿಸಿತು. ಶಾಂತವ್ವನಿಗೂ ಇನ್ನು ಕೆಲವರಿಗೂ ಬೇಡವೆನ್ನಿಸಿತು. ಹಿಂದಿನ ಕಾಲವಾಗಿದ್ದರೆ ಮೂರು ಶನಿವಾರ ಕಿತ್ತಾಡಿಕೊಂಡು ಏನೋ ಒಂದಕ್ಕೆ ಬರುತ್ತಿದ್ದರು. ಈಗ ಒಬ್ಬರೂ ಬಾಯಿ ಬಿಡಲಿಲ್ಲ. ಕಾಕಾನ್ನ ಕೇಳೋಣ ಎಂದರು.

ಭವನದಲ್ಲಿ ಕೇಳಿದರೆ ಕಾಕಾ, ನೀವೇ ನಿರ್ಧರಿಸಿರಿ ಎಂದರು. ಎಲ್ಲರೆದುರು ಹೇಳಲು ಸಂಕೋಚವಿರಬೇಕೆಂದು ಭಾವಿಸಿ ಶಾಂತವ್ವ ಸೇರಿ ಮೂವರು ಅವರ ಫ್ಲ್ಯಾಟಿಗೇ ಹೋದರು. ನಾನು ಅಲ್ಲಿರಲಿಲ್ಲ. ಹೋದವರೆಲ್ಲರೂ ಹೇಳುವ ಪ್ರಕಾರ ಕಾಕಾ ಚಹಾ ಮಾಡಿದರು, ಊರ ಸುದ್ದಿ ಕೇಳಿದರು, ಕಿಟಕಿಯ ಹೊರಗೆ ಇಳಿಯುತ್ತಿದ್ದ ವಿಮಾನಗಳನ್ನು ನೋಡಿದರು, ಕರಾರಿನ ವಿಷಯದಲ್ಲಿ ತುಟಿ ಬಿಚ್ಚಲಿಲ್ಲ. ಆಮೇಲೆ ಧಾರವಾಡದಿಂದ ಯಾರೋ ತಂದುಕೊಟ್ಟ ಪೇಢೆಯ ಡಬ್ಬಿ ಬಂತು. ಇಲ್ಲಿ ನೆನಪುಗಳು ದಾರಿ ಬೇರೆ ಮಾಡಿಕೊಳ್ಳುತ್ತವೆ. ಕಾಕಾ ತಾವೇ ಒಬ್ಬೊಬ್ಬರ ಅಂಗೈಗೆ ಪೇಢೆ ಇಟ್ಟರು ಎನ್ನುತ್ತಾಳೆ ಒಬ್ಬಳು. ಡಬ್ಬಿ ಮೇಜಿನ ಮೇಲಿತ್ತು, ನಾವೇ ತಗೊಂಡೆವು ಎನ್ನುತ್ತಾಳೆ ಇನ್ನೊಬ್ಬಳು. ತಾನು ತಿನ್ನಲೇ ಇಲ್ಲ ಎನ್ನುತ್ತಾಳೆ ಶಾಂತವ್ವ. ಚಹಾಕ್ಕೆ ಜೊತೆಯಾಗಲೆಂದು ಕೊಟ್ಟೆ, ಬಿಸ್ಕೀಟು ಮುಗಿದಿತ್ತು ಎನ್ನುತ್ತಾರೆ ಕಾಕಾ.

ಹಿರಿಯರು ಸುಮ್ಮನಿದ್ದರೆ ಒಪ್ಪಿಗೆ ಎಂದು ನಮಗೆ ಯಾರೂ ಕಲಿಸಬೇಕಾಗಿಲ್ಲ, ಅದು ಹಾಲಿನ ಜೊತೆ ಬಂದದ್ದು. ಸುಮ್ಮನಿದ್ದದ್ದಲ್ಲದೆ ಬಾಯಿ ಸಿಹಿಯನ್ನೂ ಮಾಡಿಸಿದ ಮೇಲೆ ಇನ್ನೇನು ಬೇಕು? ಮೂವರೂ ಫೆಲ್ಥಮ್ಮಿನ ರಸ್ತೆಯಲ್ಲಿ ನಡೆದು ಬರುತ್ತಾ, ಕಾಕಾ ಅವರ ಆಶೀರ್ವಾದ ಸಿಕ್ಕಿತು ಎಂದು ಉಳಿದವರಿಗೆ ಫೋನು ಮಾಡಿದರು. ಆ ವಾರವೇ ಒಪ್ಪಂದಕ್ಕೆ ಸಹಿ ಬಿತ್ತು. ಶನಿವಾರ ಕಾಕಾ ಭವನಕ್ಕೆ ಹೋದಾಗ ಬೀಗ ಹಾಕಿತ್ತು. ಅವರಿಗೆ ಹೇಳಿ ಕಳಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅವರೇ ಮಾಡಿದ ತೀರ್ಮಾನವನ್ನು ಅವರಿಗೇ ಯಾರು ಹೇಳುತ್ತಾರೆ?

ಇಷ್ಟು ಬರೆದು, ಇಲ್ಲಿಗೇ ನಿಲ್ಲಿಸಿ ನಮ್ಮ ಜನದ ಅತಿವಿನಯದ ಮೇಲೆ ಒಂದೆರಡು ನೀತಿವಾಕ್ಯ ಹೇಳಿ ಕೈಮುಗಿಯೋಣವೆಂದಿದ್ದೆ. ಹಾಗೆ ಮಾಡಿದ್ದರೆ ಕಾಕಾ ಅಚ್ಚ ಬಿಳಿಯಾಗಿಯೂ ಉಳಿದವರು ಕೊಂಚ ಪೆದ್ದರಾಗಿಯೂ ಉಳಿಯುತ್ತಿದ್ದರು. ಮುಂದಿನದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಬಿಡಲಾರೆ.

ಕಳೆದ ಚಳಿಗಾಲ ಒಂದು ಮಧ್ಯಾಹ್ನ ಕಾಕಾ ಅವರನ್ನು ನೋಡಲು ಹೋಗಿದ್ದೆ. ಶಾಂತವ್ವ ಬಂದಳು, ಫ್ಯಾಕ್ಟರಿಯ ಜಾಕೆಟ್ಟಿನಲ್ಲಿ. ಆಕೆಯ ಶಿಫ್ಟು ಶುರುವಾಗಲು ಇನ್ನೂ ಸ್ವಲ್ಪ ಹೊತ್ತಿತ್ತು. ಯಂತ್ರದ ರೊಟ್ಟಿಯ ಪ್ಯಾಕೆಟ್ಟೊಂದನ್ನು ಮೇಜಿನ ಮೇಲಿಟ್ಟು, "ತಿನ್ರಿ ಕಾಕಾ. ಹೆಂಗದ ಹೇಳ್ರಿ" ಎಂದಳು. ಅಚ್ಚಿನಲ್ಲಿ ಕತ್ತರಿಸಿದಂಥ ದುಂಡನೆಯ ರೊಟ್ಟಿಗಳು. ಕಾಕಾ ಒಂದನ್ನು ಮುರಿದು ಬಹಳ ಹೊತ್ತು ಅಗಿದರು. ಎಂದಿನಂತೆ ಏನೂ ಹೇಳಲಾರರು ಎಂದುಕೊಂಡೆ.

"ಚಲೋ ಇಲ್ಲವಾ," ಎಂದರು.

ಶಾಂತವ್ವ ಕುಕ್ಕರಿಸಿ ಕೂತಳು. "ಈ ಮಾತ ಅವತ್ತ ಯಾಕ ಅನ್ನಲಿಲ್ರಿ?"

"ನಾ ಅಂದಿದ್ರ ಅದು ನನ್ನ ತೀರ್ಮಾನ ಆಗ್ತಿತ್ತು. ನಿಮ್ಮದು ಆಗ್ತಿರಲಿಲ್ಲ."

"ಅದ್ಹೆಂಗ್ರಿ?" ಆಕೆಯ ದನಿ ಏರಿತು, ಹಂಚಿನ ಸುತ್ತ ಏರುತ್ತಿದ್ದ ಅದೇ ದನಿ. "ನೀವು ನಮ್ಮೊಳಗ ಒಬ್ರು ಇರಲಿಲ್ಲೇನು? ಎಲ್ಲಾರೂ ಅಂದಂಗ ನೀವೂ ನಿಮ್ಮದೊಂದು ಅನಬೇಕಿತ್ತು. ಬ್ಯಾಡ ಅನಿಸಿದ್ರ ನಾವ ತಗದ ಒಗೀತಿದ್ವಿ. ಮುರಕಲ ರೊಟ್ಟಿ ಮಾತು ತಗದ ಒಗೀಲಿಲ್ಲೇನು? ಕುರ್ಚಿ ನಾವ ಇಟ್ವಿ, ಖರೆ. ಕೂತವರು ನೀವಲ್ಲೇನ್ರಿ?"

ಕಾಕಾ ರೊಟ್ಟಿಯ ಚೂರುಗಳನ್ನು ಮೇಜಿನಿಂದ ಅಂಗೈಗೆ ಬಳಿದುಕೊಳ್ಳತೊಡಗಿದರು. ತನ್ನ ಮಾತು ದೊಡ್ಡದಾಗದಿರಲಿ ಎಂದು ಅವರು ಹಿಡಿದ ಮೌನ, ಆ ಕೋಣೆಯಲ್ಲಿ ಎಲ್ಲ ಮಾತಿಗಿಂತ ದೊಡ್ಡದಾಗಿ ಬೆಳೆದುನಿಂತಿದ್ದು ಅವರಿಗೆ ಅಂದು ಕಂಡಿತೋ, ಮೊದಲೇ ಕಂಡಿತ್ತೋ, ಅವರ ಮುಖದಿಂದ ನಾನು ಓದಲಾರದಾದೆ.

"ಖರೆ ಅದ," ಎಂದರು ಕಡೆಗೆ. "ಎಷ್ಟೋ ಸಲ ಅನಸ್ತದ, ನನ್ನ ತೀರ್ಮಾನ ಆಗಿ ಆದ್ರೂ ನಮ್ಮ ರೊಟ್ಟಿ ಕೆಲಸ ಉಳೀಬೇಕಿತ್ತು ಅಂತ. ಈಗ ನನ್ನ ಮನಸಿನಾಗಿಂದು ಅಂತೀನಿ, ಕೇಳು. ಮತ್ತ ಶುರು ಮಾಡೋಣು. ಅಪ್ಪಣೆ ಅಲ್ಲ ಇದು. ನನ್ನದೊಂದು ಮಾತು."

ಶಾಂತವ್ವ ಅವರನ್ನೇ ನೋಡಿದಳು. ಆಮೇಲೆ ಗಡಿಯಾರ ನೋಡಿ ಎದ್ದು, ಜಾಕೆಟ್ಟಿನ ಗುಂಡಿ ಹಾಕಿಕೊಂಡಳು. "ನಾ ಒಬ್ಬಾಕಿ ಹೂಂ ಅಂದ್ರ ಹೆಂಗಾಗ್ತದ? ಎಲ್ಲಾರ್ನೂ ಕೇಳಬೇಕು." ಬಾಗಿಲಲ್ಲಿ ಬೂಟು ಹುಡುಕಿ ತೊಟ್ಟು, "ಬರ್ತೀನ್ರಿ, ಅಕ್ಕಾರ" ಎಂದು ನನಗೂ ಹೇಳಿ ಶಿಫ್ಟಿಗೆ ಹೋದಳು.

ಎಲ್ಲರೂ ಎಂದರೆ ಈಗ ಯಾರು? ಒಬ್ಬಳು ಮಗನ ಜೊತೆ ಬೇರೆ ಊರಿಗೆ ಹೋಗಿದ್ದಾಳೆ. ಇಬ್ಬರು ಮನೆ ಕೊಂಡಿದ್ದಾರೆ, ಕಂತು ಕಟ್ಟುವವರೆಗೆ ಫ್ಯಾಕ್ಟರಿ ಬಿಡುವಂತಿಲ್ಲ. ಉಳಿದವರ ಶಿಫ್ಟುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ, ಒಟ್ಟಿಗೆ ಕೂರಲು ಅವರಿಗೆ ಒಂದು ಶನಿವಾರವೇ ಇಲ್ಲ. ಭವನದಲ್ಲಿ ಆ ಹೊತ್ತಿಗೆ ಈಗ ಮಕ್ಕಳು ಡ್ಯಾನ್ಸ್ ಕಲಿಯುತ್ತಾರೆ.

ಕಾಕಾ ಕಪ್ಪುಗಳನ್ನು ಸಿಂಕಿಗೆ ಒಯ್ದು ತೊಳೆಯತೊಡಗಿದರು. ನಾನು ಒರೆಸುವ ಬಟ್ಟೆ ಹಿಡಿದು ಪಕ್ಕಕ್ಕೆ ನಿಂತೆ. ಅವರು ನನ್ನ ಕಡೆ ತಿರುಗದೆ ಕೇಳಿದರು, "ನಿನಗೇನು ಅನಸ್ತದ ತಂಗಿ? ಕೇಳ್ತಾಳೇನು ಎಲ್ಲಾರ್ನೂ?"

ಅವರಿಗೆ ಹಿತವಾಗುವಂಥ ನಾಲ್ಕೈದು ಉತ್ತರಗಳು ನನ್ನ ಬಾಯಿಗೆ ಬಂದವು. ಎಲ್ಲವೂ ಸಭ್ಯವಾದವೇ.

"ಕೇಳ್ತಾಳೆ ಕಾಕಾ," ಎಂದೆ. "ಆದರೆ ಯಾರೂ ಬರೋದಿಲ್ಲ ಅನ್ನಿಸುತ್ತೆ ನನಗೆ."

"ನನಗೂ ಹಂಗ ಅನಸ್ತದ," ಎಂದು ಅವರು ನಲ್ಲಿ ನಿಲ್ಲಿಸಿದರು.